ಮೇ ತಿಂಗಳ ಬಾವಿ, ಅಕ್ಟೋಬರ್ ತಿಂಗಳ ಬಾವಿ

ಗಂಗಾವತಿ, ಕಾರಟಗಿ ಕಡೆಯ ಮನೆ ಬಾವಿಗಳನ್ನು ಅಕ್ಟೋಬರಿನಲ್ಲಿ ಬಗ್ಗಿ ನೋಡಿದರೆ ನೀರು ಕಟ್ಟೆಯ ಸಮೀಪವೇ ನಿಂತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುತ್ತಿರುತ್ತದೆ, ಗದ್ದೆಯಲ್ಲಿ ಭತ್ತ ನಿಂತಿರುತ್ತದೆ, ನೆಲವೆಲ್ಲ ನೆಂದಿರುತ್ತದೆ. ಕಾಲುವೆಗೆ ನೀರು ನಿಂತು ಮೇ ತಿಂಗಳು ಬಂತೆಂದರೆ ಅದೇ ಬಾವಿಯ ನೀರು ಎಷ್ಟೋ ಅಡಿ ಕೆಳಗೆ ಹೋಗಿ ಕೂತಿರುತ್ತದೆ. ಈ ಕಾಲುವೆ ಮುಟ್ಟದ ಕುಷ್ಟಗಿ, ಯಲಬುರ್ಗಾದ ಬಾವಿಗಳು ಪೂರ್ತಿ ಮಳೆಯನ್ನೇ ನಂಬಿದವು. ಕೆಳಗಡೆ ಗಟ್ಟಿ ಕಲ್ಲು, ಅದರ ಬಿರುಕುಗಳಲ್ಲಿ ಸಿಕ್ಕಷ್ಟೇ ನೀರು. ಅಲ್ಲಿ ಈ ಏರಿಳಿತ ಇನ್ನೂ ಜೋರು.

ಅಂದರೆ ಕೊಪ್ಪಳ ಜಿಲ್ಲೆಯ ಮನೆ ಬಾವಿ ಒಂದಲ್ಲ, ಎರಡು. ಕೊಳ್ಳುವ ಮೋಟಾರು ಮಾತ್ರ ಒಂದೇ. ಎರಡೂ ಕಾಲಕ್ಕೆ ಅದು ಒಗ್ಗಬೇಕು. ಆದರೂ ಅಂಗಡಿಗೆ ಹೋದವರು ಕೇಳುವುದು ‘ಎಷ್ಟು ಎಚ್‌ಪಿ ಹಾಕಬೇಕ್ರಿ?’ ಅಂತ. ಎಚ್‌ಪಿ ಮೋಟಾರು ಎಷ್ಟು ಗೇಯಬಲ್ಲದು ಅನ್ನುವುದರ ಲೆಕ್ಕ. ಆ ಗೇಮೆಯಲ್ಲಿ ಎಷ್ಟು ನೀರು, ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದು ಬೇರೆ ಲೆಕ್ಕ. ನಮಗೆ ಬೇಕಾದದ್ದು ಎರಡನೆಯದು. ಅದು ಸಿಗುವುದು ಅಂಗಡಿಯಲ್ಲಲ್ಲ, ಬಾವಿಯಲ್ಲಿ.

ಒಂದು ಹಗ್ಗ, ತುದಿಗೆ ಕಟ್ಟಲು ಒಂದು ಕಲ್ಲು, ಒಂದು ಅಳತೆ ಟೇಪು ಇದ್ದರೆ ಸಾಕು. ಬೆಳಿಗ್ಗೆ ಯಾರೂ ನೀರು ಸೇದುವ ಮುಂಚೆ ಮೂರು ಅಳತೆ ತೆಗೆಯಬೇಕು: ನೆಲಮಟ್ಟದಿಂದ ನೀರಿನ ಮಟ್ಟಕ್ಕೆ ಎಷ್ಟು, ನೆಲಮಟ್ಟದಿಂದ ತಳಕ್ಕೆ ಎಷ್ಟು, ಬಾವಿಯ ಅಡ್ಡಗಲ ಎಷ್ಟು. ಈ ಅಳತೆಗೆ ಸರಿಯಾದ ಕಾಲ ಮೇ ತಿಂಗಳ ಕೊನೆ, ಮುಂಗಾರು ಬೀಳುವುದಕ್ಕೆ ಮೊದಲು. ಮಳೆಗಾಲದಲ್ಲಿಯೇ ಮೋಟಾರು ಕೊಳ್ಳಬೇಕಾಗಿ ಬಂದರೆ ಅಕ್ಕಪಕ್ಕದ ಬಾವಿಯವರನ್ನು ಕೇಳಿ. ಬರಗಾಲದ ವರ್ಷ ಎಷ್ಟನೇ ಮೆಟ್ಟಿಲಿಗೆ ನೀರು ಇಳಿದಿತ್ತು ಅನ್ನುವುದು ಮನೆಯ ಹಿರಿಯರಿಗೆ ಬಾಯಿಪಾಠ ಇರುತ್ತದೆ.

ಅಡ್ಡಗಲ ಸಿಕ್ಕ ಮೇಲೆ ಒಂದು ಸಣ್ಣ ಸೂತ್ರ. ಅಡ್ಡಗಲವನ್ನು ಅಡಿಯಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಮತ್ತೆ 22ರಿಂದ ಗುಣಿಸಿ. ದುಂಡು ಬಾವಿಯಲ್ಲಿ ಒಂದು ಅಡಿ ಆಳಕ್ಕೆ ಎಷ್ಟು ಲೀಟರ್ ನೀರು ಅನ್ನುವುದು ಬರುತ್ತದೆ. 6 ಅಡಿಯ ಬಾವಿಗೆ ಸುಮಾರು 800 ಲೀಟರ್, 10 ಅಡಿಯದಕ್ಕೆ 2,200. ಈಗ ಬೇಸಿಗೆಯಲ್ಲಿ ಒಂದು ಅಡಿ ನೀರು ತೆಗೆದು, ಅದು ಮತ್ತೆ ಏರಲು ಎಷ್ಟು ಹೊತ್ತು ಹಿಡಿಯಿತು ನೋಡಿ. 6 ಅಡಿಯ ಬಾವಿಯಲ್ಲಿ ಗಂಟೆಗೆ 3 ಇಂಚು ಏರಿದರೆ ಸೆಲೆ ಕೊಡುತ್ತಿರುವುದು ಗಂಟೆಗೆ 200 ಲೀಟರ್. ಈ ಒಂದು ಅಂಕಿ ಗೊತ್ತಿದ್ದರೆ ಮೋಟಾರಿನ ಬಗ್ಗೆ ಅರ್ಧ ತೀರ್ಮಾನ ಆದಂತೆಯೇ. ಗಂಟೆಗೆ 200 ಲೀಟರ್ ಕೊಡುವ ಬಾವಿಗೆ ಗಂಟೆಗೆ 6,000 ಲೀಟರ್ ಎತ್ತುವ ಪಂಪು ಇಳಿಸಿದರೆ ಅದು ಕೂಡಿಟ್ಟ ಒಂದೆರಡು ಅಡಿ ನೀರನ್ನು ಹತ್ತು ಹದಿನೈದು ನಿಮಿಷಕ್ಕೆ ಮುಗಿಸಿ ಗಾಳಿ ಎಳೆಯುತ್ತದೆ. ಜತೆಗೆ ನೀರು ರಭಸದಿಂದ ಕುಸಿದಾಗ ಸೆಲೆಯ ಬಾಯಿಂದ ಉಸುಕು, ಮಣ್ಣು ಜಾರಿ ತಳದಲ್ಲಿ ಹೂಳು ತುಂಬುತ್ತದೆ.

ಇನ್ನು ಪಂಪಿನ ಜಾತಿ. ಮೇಲೆ ಕೂತು ನೀರು ಎಳೆಯುವ ಪಂಪಿಗೆ ಒಂದು ಮಿತಿ ಇದೆ, ಅದನ್ನು ಯಾವ ಕಂಪನಿಯೂ ಮೀರಲಾರದು. ಪಂಪು ನೀರನ್ನು ಎಳೆಯುವುದಿಲ್ಲ; ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಭಾರ 10.3 ಮೀಟರ್ ನೀರನ್ನು ಹೊರಬಲ್ಲದು. ಕೊಪ್ಪಳ ಸುಮಾರು 500 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ 9.7 ಮೀಟರ್ ಆಸುಪಾಸು. ಬೇಸಿಗೆಯ ಬಿಸಿ ನೀರಿನ ಆವಿ, ಪೈಪಿನ ಒಳಗಿನ ಉಜ್ಜಾಟ, ಪಂಪಿಗೇ ಬೇಕಾಗುವ ಒತ್ತಡ ಇಷ್ಟನ್ನೂ ಕಳೆದರೆ ಕೈಗೆ ಉಳಿಯುವುದು 6 ಮೀಟರ್, ಅಂದರೆ 20 ಅಡಿ. ಆದ್ದರಿಂದ ಕಟ್ಟೆಯ ಪಕ್ಕದಲ್ಲಿ ಮೊನೊಬ್ಲಾಕ್ (ಮೋಟಾರು, ಪಂಪು ಒಂದೇ ಗಡ್ಡೆಯಾಗಿರುವುದು) ಕೂರಿಸುವುದು ವರ್ಷವಿಡೀ ನೀರು 20 ಅಡಿಯ ಒಳಗೇ ಇರುವ ಬಾವಿಗೆ ಮಾತ್ರ. ಅಕ್ಟೋಬರಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದ ಮೋಟಾರು ಏಪ್ರಿಲಿನಲ್ಲಿ ಬರೀ ಸದ್ದು ಮಾಡಿದರೆ ಕೆಟ್ಟಿದೆ ಎಂದು ವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವ ಮುಂಚೆ ಹಗ್ಗ ಇಳಿಸಿ ನೋಡಿ. ಬಹಳ ಸಲ ಮೋಟಾರಿನಲ್ಲಿ ಏನೂ ಆಗಿರುವುದಿಲ್ಲ, ನೀರು ಮಿತಿಗಿಂತ ಕೆಳಗೆ ಹೋಗಿರುತ್ತದೆ.

ಮಿತಿ ದಾಟಲೆಂದು ಹಳೆಯ ಬಾವಿಗಳಲ್ಲಿ ಒಳಗೋಡೆಗೆ ಕಲ್ಲಿನ ಚಾಚು ಕೊಟ್ಟು ಅದರ ಮೇಲೆ ಮೋಟಾರು ಇಡುವುದುಂಟು. ಬೇಸಿಗೆಗೆ ಅದು ಸರಿ. ಕಾಲುವೆ ಬಿಟ್ಟ ಮೇಲೆ ಅಥವಾ ಒಂದು ದೊಡ್ಡ ಮಳೆಗೆ ನೀರು ಏರಿ ಮೋಟಾರು ಮುಳುಗಿದರೆ ವೈಂಡಿಂಗ್ ಹೋಯಿತು. ಪ್ರತಿ ವರ್ಷ ಎತ್ತುವುದು ಇಳಿಸುವುದು ತಪ್ಪದು. ಒಂದು ವರ್ಷ ಮರೆತರೆ ಸಾಕು. ಜೆಟ್ ಪಂಪು ಇನ್ನೊಂದು ದಾರಿ. ಎರಡು ಪೈಪು ಇಳಿಸಿ, ಮೇಲಿನಿಂದ ಒಂದಿಷ್ಟು ನೀರನ್ನು ಕೆಳಗೆ ತಳ್ಳಿ ಅದರ ಬಲದಿಂದ ಹೆಚ್ಚಿನ ನೀರು ಎತ್ತುತ್ತದೆ. ಎತ್ತಿದ ನೀರಿನಲ್ಲಿ ಒಂದು ಪಾಲು ಮತ್ತೆ ಕೆಳಗೇ ಹೋಗುವುದರಿಂದ ಕರೆಂಟು ಹೆಚ್ಚು ತಿನ್ನುತ್ತದೆ. ಬೋರಿನ ಬಾಯಿ ಸಣ್ಣದಿದ್ದಾಗ ಬೇರೆ ಗತಿ ಇಲ್ಲ ಅನ್ನಬಹುದು. ತೆರೆದ ಬಾವಿಗೆ ಅದು ಬೇಡ.

ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಅರ್ಧ ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಪಂಪಿನ ಬಗ್ಗೆ ಎರಡು ಮಾತು. ಅದರೊಳಗಿನ ಚಕ್ರಕ್ಕೂ ಗೂಡಿಗೂ ನಡುವೆ ಕೂದಲೆಳೆಯಷ್ಟೇ ಸಂದು. ನಲ್ಲಿಯ ತೊಟ್ಟಿಯಿಂದ ಟ್ಯಾಂಕಿಗೆ ಏರಿಸಲು ಒಳ್ಳೆಯದು, ಉಸುಕು ಬರುವ ಬಾವಿಗೆ ಹಾಕಿದರೆ ಒಂದೆರಡು ಬೇಸಿಗೆಗೆ ಸವೆದು ಒತ್ತಡ ಕಳೆದುಕೊಳ್ಳುತ್ತದೆ. ಮತ್ತೆ, ಈ ಬಗೆಯ ಪಂಪಿನಲ್ಲಿ ಮೇಲಿನ ವಾಲ್ವ್ ಮುಚ್ಚಿದಷ್ಟೂ ಮೋಟಾರಿನ ಹೊರೆ ಏರುತ್ತದೆ. ನೀರು ಕಡಿಮೆ ಬರಲಿ ಎಂದು ವಾಲ್ವ್ ತಿರುಗಿಸುವ ಅಭ್ಯಾಸ ಇದನ್ನು ಸುಡುತ್ತದೆ.

20 ಅಡಿಗಿಂತ ಕೆಳಗೆ ನೀರು ಇಳಿಯುವ ತೆರೆದ ಬಾವಿಗೆ ಸರಿಯಾದದ್ದು ಓಪನ್‌ವೆಲ್ ಸಬ್‌ಮರ್ಸಿಬಲ್. ನೀರಿನೊಳಗೇ ಇರುವುದರಿಂದ ಎಳೆಯುವ ಪ್ರಶ್ನೆಯೇ ಇಲ್ಲ, ತಳ್ಳುವುದಷ್ಟೇ ಕೆಲಸ. ಪೈಪಿನ ತಳದಲ್ಲಿ ನೀರು ಹಿಡಿದಿಡುವ ಫುಟ್ ವಾಲ್ವ್ ಸೋರುವುದು, ಬೆಳಿಗ್ಗೆ ಎದ್ದು ನೀರು ಸುರಿದು ಏರ್ ತೆಗೆಯುವುದು, ಈ ತಾಪತ್ರಯಗಳು ಇಲ್ಲ. ಇದರಲ್ಲಿ ಎಣ್ಣೆ ತುಂಬಿದ್ದು, ನೀರು ತುಂಬಿದ್ದು ಎಂದು ಎರಡು ಬಗೆ. ಕುಡಿಯುವ ಬಾವಿಗೆ ನೀರು ತುಂಬಿದ ಮೋಟಾರೇ ಇರಲಿ. ಸೀಲು ಹೋದ ದಿನ ಎಣ್ಣೆ ಬಾವಿಗೆ ಇಳಿದರೆ ಅದನ್ನು ತೆಗೆಯುವುದು ದೊಡ್ಡ ಪಾಡು. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿನ ಜತೆ ಐಎಸ್ 14220 ಅನ್ನುವ ಸಂಖ್ಯೆ ಇದೆಯೇ ನೋಡಿ. ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ ಇರುವ ಮಾನಕ ಅದು. ಸವುಳು ನೀರಿದ್ದರೆ ಬೀಡುಕಬ್ಬಿಣದ ಚಕ್ರಕ್ಕಿಂತ ಸ್ಟೇನ್‌ಲೆಸ್ ಸ್ಟೀಲ್ ಚಕ್ರ ಬಾಳುತ್ತದೆ.

ಇನ್ನು ಹೆಡ್ಡು, ಅಂದರೆ ನೀರು ಏರಬೇಕಾದ ಎತ್ತರ ಮತ್ತು ಪೈಪಿನ ಉಜ್ಜಾಟಕ್ಕೆ ಹೋಗುವುದು ಎರಡೂ ಸೇರಿದ ಲೆಕ್ಕ. ಒಂದು ಸಾಮಾನ್ಯ ಮನೆಯನ್ನು ತೆಗೆದುಕೊಳ್ಳೋಣ. ಬಾವಿ 50 ಅಡಿ ಆಳ, ಮೇ ತಿಂಗಳಲ್ಲಿ ನೀರು 40 ಅಡಿಗೆ, ಅಂದರೆ 12 ಮೀಟರ್. ಮಾಳಿಗೆ ಮೇಲಿನ ಟ್ಯಾಂಕಿನ ಬಾಯಿ ನೆಲದಿಂದ 30 ಅಡಿ, 9 ಮೀಟರ್. ಬಾವಿಯಿಂದ ಮನೆಗೆ ಅಡ್ಡ ಪೈಪು 10 ಮೀಟರ್. ನೀರು ಏರಬೇಕಾದ ಎತ್ತರ 21 ಮೀಟರ್. ಪೈಪಿನ ಒಟ್ಟು ಉದ್ದ 31 ಮೀಟರ್. ಗಂಟೆಗೆ 3,600 ಲೀಟರ್ ಹರಿಸಿದರೆ, ಒಳಗಲ 27 ಮಿಲಿಮೀಟರ್ ಇರುವ ಪೈಪಿನಲ್ಲಿ ಉಜ್ಜಾಟಕ್ಕೇ 4 ಮೀಟರಿಗಿಂತ ಹೆಚ್ಚು ಹೋಗುತ್ತದೆ. 35 ಮಿಲಿಮೀಟರಿನದಾದರೆ ಬರೀ 1.2 ಮೀಟರ್. ಬೆಂಡು, ವಾಲ್ವ್‌ಗಳಿಗೆ ಇನ್ನೊಂದಿಷ್ಟು ಸೇರಿಸಿ. ಕಾಲು ಇಂಚು ದೊಡ್ಡ ಪೈಪಿಗೆ ಕೊಡುವ ದುಡ್ಡು ಒಂದು ಸಲದ್ದು. ಸಣ್ಣ ಪೈಪಿನಲ್ಲಿ ನೂಕಾಡುವ ಕರೆಂಟು ಪ್ರತಿದಿನದ್ದು. ದೊಡ್ಡ ಪೈಪು ಹಾಕಿದರೆ ಬೇಸಿಗೆಯ ಒಟ್ಟು ಹೆಡ್ಡು ಸುಮಾರು 23 ಮೀಟರ್ ಆಯಿತು.

ಅಕ್ಟೋಬರಿನ ಲೆಕ್ಕವನ್ನೂ ಮಾಡಬೇಕು, ಬಹಳ ಜನ ಇದನ್ನು ಬಿಡುತ್ತಾರೆ. ನೀರು 10 ಅಡಿಗೆ ಬಂದಾಗ 3 ಮೀಟರ್, ಮೇಲಿನ 9 ಮೀಟರ್, ಉಜ್ಜಾಟ 2 ಅಥವಾ 3. ಒಟ್ಟು 14, 15 ಮೀಟರ್. ಅಂದರೆ ನಮಗೆ ಬೇಕಾದ ಪಂಪಿನ ತಗಡಿನ ಮೇಲೆ ಬರೆದಿರುವ ಹೆಡ್ ರೇಂಜಿನೊಳಗೆ 14ರಿಂದ 23 ಪೂರ್ತಿ ಕೂರಬೇಕು. 10ರಿಂದ 28 ಎಂದಿದ್ದರೆ ಚೆನ್ನ. ‘ಫೋರ್ಸ್ ಜಾಸ್ತಿ ಇರಲಿ’ ಎಂದು 30ರಿಂದ 45 ಮೀಟರಿನ ಒಂದೂವರೆ ಎಚ್‌ಪಿ ತಂದರೆ ಬೇಸಿಗೆಯಲ್ಲಿಯೇ ಅದು ತನ್ನ ರೇಂಜಿನ ಹೊರಗಿರುತ್ತದೆ, ಮಳೆಗಾಲದಲ್ಲಿ ಇನ್ನೂ ಹೊರಗೆ. ಚಕ್ರ ತಿರುಗಿಸಿ ನೀರನ್ನು ಹೊರಕ್ಕೆ ಚಿಮ್ಮುವ ಸೆಂಟ್ರಿಫ್ಯೂಗಲ್ ಪಂಪಿಗೆ (ಓಪನ್‌ವೆಲ್ ಇದೇ ಬಗೆಯದು) ಎದುರು ಹೆಡ್ಡು ಕಡಿಮೆಯಾದಷ್ಟೂ ನೀರು ಹೆಚ್ಚು ಬರುತ್ತದೆ, ಅದರ ಜತೆ ಆಂಪ್ಸೂ ಏರುತ್ತದೆ. ಬಾವಿ ತುಂಬಿದಾಗಲೇ ಮೋಟಾರು ಸುಟ್ಟಿತು ಎಂದು ಆಶ್ಚರ್ಯಪಡುವ ಎಷ್ಟೋ ಮನೆಗಳಲ್ಲಿ ಕಾರಣ ಇದು. ಈಗಾಗಲೇ ಅಂಥ ಪಂಪು ಇದ್ದರೆ ಮಳೆಗಾಲದಲ್ಲಿ ಮೇಲಿನ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ ಓಡಿಸಿ. ಸೆಲ್ಫ್ ಪ್ರೈಮಿಂಗ್‌ಗೆ ಮಾಡಬಾರದು ಅಂದದ್ದು ಇಲ್ಲಿ ಮಾಡಬೇಕಾದ್ದು.

23 ಮೀಟರಿಗೆ ಒಳ್ಳೆಯ ಅರ್ಧ ಎಚ್‌ಪಿ ಪಂಪು ಗಂಟೆಗೆ ಸುಮಾರು 2,000 ಲೀಟರ್ ಕೊಡುತ್ತದೆ. ಸಾವಿರ ಲೀಟರಿನ ಟ್ಯಾಂಕು ಅರ್ಧ ಗಂಟೆಗೆ ತುಂಬುತ್ತದೆ. ಒಂದು ಎಚ್‌ಪಿ ಅದನ್ನು ಕಾಲು ಗಂಟೆಗೆ ತುಂಬಬಹುದು. ಐದಾರು ಜನರ ಮನೆಗೆ, ಬಡ ಸೆಲೆಯ ಬಾವಿಗೆ ನನ್ನ ಮತ ಅರ್ಧಕ್ಕೇ. ದನಕರು, ಹಿತ್ತಲಿನ ಗಿಡ ಇದ್ದು ಬಾವಿಯೂ ಬಲವಾಗಿದ್ದರೆ ಒಂದು. ಅದಕ್ಕಿಂತ ಮೇಲೆ ಮನೆ ಬಾವಿಗೆ ಹೋಗುವ ಅಗತ್ಯ ಬಹಳ ಅಪರೂಪ.

ಬಾವಿಯೊಳಗಿನ ಪೈಪಿಗೆ ಕರಿಯ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಸುರುಳಿ ಅನುಕೂಲ, ನಡುವೆ ಜೋಡಣೆಯೇ ಇರುವುದಿಲ್ಲ. 23 ಮೀಟರಿಗೆ ಒತ್ತಡ ಚದರ ಸೆಂಟಿಮೀಟರಿಗೆ ಎರಡೂಕಾಲು ಕೆಜಿಯ ಮೇಲೆ ಸ್ವಲ್ಪ. ಲೆಕ್ಕಕ್ಕೆ 6 ಕೆಜಿ ಒತ್ತಡ ತಡೆಯುವ ಪೈಪು ಸಾಕು, ಆದರೆ ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ಕಿನ ಬಲ ಕುಗ್ಗುತ್ತದೆ, 10 ಕೆಜಿಯದು ತನ್ನಿ. ಗೋಡೆಗುಂಟ ಹೋಗುವ ಪೈಪಿಗೆ ಬಿಗಿಯಾಗಿ ಕ್ಲಾಂಪ್ ಹೊಡೆಯಬಾರದು. ಹತ್ತು ಮೀಟರ್ ಎಚ್‌ಡಿಪಿಇ ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ ಎರಡು ಇಂಚಿನಷ್ಟು ಉದ್ದವಾಗುತ್ತದೆ, ಜಾಗ ಸಿಗದಿದ್ದರೆ ಬೆಂಡಿನಲ್ಲಿ ಜಗ್ಗಿ ಬಿಚ್ಚಿಕೊಳ್ಳುತ್ತದೆ. ಬಿಳಿ, ಬೂದು ಪಿವಿಸಿ ಬಿಸಿಲಿಗೆ ಬಿದ್ದರೆ ಕೆಲವೇ ವರ್ಷಕ್ಕೆ ಗಾಜಿನಂತೆ ಒಡೆಯುವುದರಿಂದ ಅದಕ್ಕೆ ಬಣ್ಣ ಬಳಿಯಬೇಕು ಇಲ್ಲವೇ ಹೂಳಬೇಕು. ಕಪ್ಪು ಎರಿ ಮಣ್ಣಿನಲ್ಲಿ ಹೂಳುವಾಗ ಸುತ್ತ ಆರು ಇಂಚು ಉಸುಕು ತುಂಬಿ. ಎರಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ಪೈಪಿನ ಕೀಲನ್ನೂ ಜತೆಗೆ ಎಳೆಯುತ್ತದೆ. ಕೆಂಪು ಮಸಾರಿಯಲ್ಲಿ ಈ ಕಾಟ ಇಲ್ಲ.

ಇಳಿಸುವ ಮುಂಚೆ ಮೋಟಾರಿನ ಪ್ಲಗ್ಗು ಬಿಚ್ಚಿ ಶುದ್ಧ ನೀರು ತುಂಬಿ, ಅತ್ತಿತ್ತ ಅಲುಗಿಸಿ, ಗುಳ್ಳೆ ನಿಲ್ಲುವ ತನಕ ಮತ್ತೆ ತುಂಬಬೇಕು. ಒಳಗಿನ ಬೇರಿಂಗುಗಳಿಗೆ ಆ ನೀರೇ ಎಣ್ಣೆ. ಪರೀಕ್ಷೆಗೆಂದು ಒಣ ನೆಲದ ಮೇಲೆ ಓಡಿಸಬೇಡಿ, ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ನೋಡಿ. ಪಂಪಿನ ಬಾಯಿಯ ಮೇಲೆಯೇ, ಏರಿದ ನೀರು ವಾಪಸು ಇಳಿಯದಂತೆ ತಡೆಯುವ ಎನ್‌ಆರ್‌ವಿ ಕೂರಿಸಿ, ಆಮೇಲೆ ಪೈಪು. ಭಾರ ಹೊರುವುದು ಹಗ್ಗದ ಕೆಲಸ, ಕೇಬಲ್ಲಿನದಲ್ಲ, ಪೈಪಿನದೂ ಅಲ್ಲ. 8 ಅಥವಾ 10 ಮಿಲಿಮೀಟರಿನ ನೈಲಾನ್ ಹಗ್ಗ ಮೋಟಾರಿನ ಕೊಂಡಿಗೆ ಕಟ್ಟಿ, ಮೇಲೆ ಅಡ್ಡಗಂಬಕ್ಕೆ ಬಿಗಿಯಿರಿ. ಎತ್ತುವಾಗ ಎನ್‌ಆರ್‌ವಿಯಿಂದಾಗಿ ಪೈಪಿನ ತುಂಬ ನೀರು ನಿಂತಿರುತ್ತದೆ. 40 ಅಡಿಗೆ ಅದೇ ಹನ್ನೊಂದು ಹನ್ನೆರಡು ಕೆಜಿ, ಮೋಟಾರಿನ ಭಾರದ ಮೇಲೆ. ಇಬ್ಬರಾದರೂ ಬೇಕು. ಕೇಬಲ್ಲನ್ನು ಪ್ರತಿ ಮೂರು ಮೀಟರಿಗೆ ಪೈಪಿಗೆ ಸಡಿಲವಾಗಿ ಕಟ್ಟಿ. ಪಂಪು ತಳದ ಹೂಳಿನಿಂದ ಎರಡು ಅಡಿ ಮೇಲಿರಲಿ; ಅದರ ಮೇಲೆ ಕನಿಷ್ಠ ಎರಡು ಅಡಿ ನೀರು ಮೇ ತಿಂಗಳಲ್ಲಿಯೂ ಉಳಿಯುವಂತಿರಲಿ. ಈ ಎರಡೂ ಒಟ್ಟಿಗೆ ಸಾಧ್ಯವಾಗದಿದ್ದರೆ ಮೊದಲು ಹೂಳು ತೆಗೆಸಿ, ಮೋಟಾರು ಆಮೇಲೆ.

ಕೇಬಲ್ಲಿನ ದಪ್ಪಕ್ಕೆ ಜಿಪುಣತನ ಮಾಡಬಾರದು. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ 7 ಆಂಪ್ಸ್ ಆಸುಪಾಸು ಎಳೆಯುತ್ತದೆ. ಸ್ವಿಚ್ ಬೋರ್ಡಿನಿಂದ ಮೋಟಾರಿಗೆ 50 ಮೀಟರ್ ಇದ್ದು 1.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿದರೆ ದಾರಿಯಲ್ಲಿ ಎಂಟೂವರೆ ವೋಲ್ಟ್ ಹೋಗುತ್ತದೆ. ಅದು ದೊಡ್ಡದಲ್ಲ ಅನ್ನಿಸಬಹುದು. ಆದರೆ ಶುರುವಾಗುವ ಗಳಿಗೆಯಲ್ಲಿ ಐದು ಪಟ್ಟು ಕರೆಂಟು ಎಳೆಯುವುದರಿಂದ ಆಗ ಹೋಗುವುದು 40 ವೋಲ್ಟ್. ಬೇಸಿಗೆಯ ಸಂಜೆ ಊರಲ್ಲಿ 190 ಇದ್ದರೆ ಮೋಟಾರಿಗೆ ಮುಟ್ಟುವುದು 150. ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ, ಹಾಗಾಗಿ 230ರ ಮೋಟಾರಿಗೆ 150 ಕೊಟ್ಟರೆ ಸಿಗುವುದು ಅರ್ಧಕ್ಕಿಂತಲೂ ಕಡಿಮೆ ಬಲ. ಮೋಟಾರು ಹೂಂಗುಟ್ಟುತ್ತ ನಿಲ್ಲುತ್ತದೆ, ವೈಂಡಿಂಗ್ ಕಾಯುತ್ತದೆ. 2.5 ಚದರ ಮಿಲಿಮೀಟರಿನ ಮೂರು ಎಳೆಯ ಚಪ್ಪಟೆ ಕೇಬಲ್ ಹಾಕಿ. ನೀರಿನೊಳಗೆ ಜಾಯಿಂಟು ಇಲ್ಲದಂತೆ ಉದ್ದವಾಗಿಯೇ ತನ್ನಿ. ವೋಲ್ಟೇಜ್ ಕಡಿಮೆ ಇರುವ ಹೊತ್ತು ಬಿಟ್ಟು ಬೆಳಗಿನ ಜಾವ ಓಡಿಸುವುದು ಯಾವ ಸ್ಟೆಬಿಲೈಸರಿಗಿಂತಲೂ ಅಗ್ಗದ ಉಪಾಯ.

ಸ್ಟಾರ್ಟರಿನ ಓವರ್‌ಲೋಡನ್ನು ಮೋಟಾರಿನ ತಗಡಿನ ಮೇಲೆ ಬರೆದ ಆಂಪ್ಸಿಗೇ ಹೊಂದಿಸಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಿಟ್ಟರೆ ಸ್ಟಾರ್ಟರು ಇದ್ದೂ ಇಲ್ಲದಂತೆ. ಅದಕ್ಕಿಂತ ಮುಖ್ಯವಾದದ್ದು ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ. ಬಾವಿಯ ನೀರು, ಕಬ್ಬಿಣದ ರಾಟೆ, ಬರಿಗಾಲು ಇರುವ ಕಡೆ ಇದಿಲ್ಲದೆ ಮೋಟಾರು ಓಡಿಸಲೇಬಾರದು. ಅರ್ಥಿಂಗ್ ಗುಂಡಿ ಎರಿ ನೆಲದಲ್ಲಿದ್ದರೆ ಬೇಸಿಗೆಯಲ್ಲಿ ಮಣ್ಣು ಬಿರಿದು ಕೊಳವೆಯಿಂದ ದೂರ ಸರಿಯುತ್ತದೆ, ಆಗ ಅರ್ಥ್ ಹೆಸರಿಗಷ್ಟೇ. ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ.

ಓಪನ್‌ವೆಲ್ ಮೋಟಾರಿಗೆ ಸುತ್ತಲಿನ ನೀರೇ ತಂಪು. ನೀರು ಇಳಿದು ಮೈ ಹೊರಗೆ ಬಂದ ಮೇಲೂ ಓಡಿದರೆ ಕೆಲವೇ ನಿಮಿಷಕ್ಕೆ ಕಾದು ಸೀಲು, ಬೇರಿಂಗು ಹಾಳಾಗುತ್ತವೆ. ನೀರು ಇಳಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನ ಬೇಕು. ನೀರಿನಲ್ಲಿ ಇಳಿಬಿಡುವ ಲೋಹದ ಕಡ್ಡಿಗಳ ಸಾಧನಕ್ಕೆ ನಮ್ಮ ಗಡಸು ನೀರಿನಲ್ಲಿ ಬಿಳಿ ಪೊರೆ ಕಟ್ಟಿ ಮೋಸವಾಗುತ್ತದೆ. ತೇಲುವ ಸ್ವಿಚ್ಚು ನಂಬಿಗಸ್ತ.

ಮೊದಲ ಸಲ ಹಾಕಿದಾಗ ನೀರನ್ನು ಟ್ಯಾಂಕಿಗೆ ಬಿಡದೆ ಹಿತ್ತಲಿಗೆ ಬಿಡಿ, ಕಲಕು ಹೋಗಲಿ. ಆಮೇಲೆ ಟ್ಯಾಂಕಿನ ಬಾಯಲ್ಲಿ 20 ಲೀಟರಿನ ಬಕೆಟ್ ಹಿಡಿದು ಸೆಕೆಂಡು ಎಣಿಸಿ. 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 2,000 ಲೀಟರ್. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕ್ಲಾಂಪ್ ಮೀಟರಿನಿಂದ ಆಂಪ್ಸ್ ನೋಡಿಸಿ. ಆ ದಿನದ ವೋಲ್ಟೇಜು, ನೀರಿನ ಮಟ್ಟ, ಸೆಕೆಂಡು, ಆಂಪ್ಸ್, ನಾಲ್ಕನ್ನೂ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಪೆಯಿಂಟಿನಲ್ಲಿ ಬರೆದಿಡಿ. ಮುಂದೆ ರೋಗ ಗುರುತಿಸುವುದು ಇವುಗಳಿಂದಲೇ. ನೀರಿನ ಮಟ್ಟ ಅಷ್ಟೇ ಇದ್ದು, ಟ್ಯಾಂಕಿಗೆ ಬರುವ ನೀರೂ ಆಂಪ್ಸೂ ಎರಡೂ ಇಳಿದಿದ್ದರೆ ಪಂಪಿನ ಜರಡಿ ಕಟ್ಟಿದೆ ಅಥವಾ ಚಕ್ರ ಸವೆದಿದೆ. ನೀರು ಕಡಿಮೆ, ಆಂಪ್ಸ್ ಮಾತ್ರ ಏರಿದ್ದರೆ ಬಾವಿಯೊಳಗೆ ಎಲ್ಲೋ ಪೈಪು ಒಡೆದು ನೀರು ವಾಪಸು ಬೀಳುತ್ತಿದೆ. ಕಿವಿಗೊಟ್ಟರೆ ಸದ್ದು ಕೇಳುತ್ತದೆ. ಹೂಂಗುಟ್ಟಿ ತಿರುಗದಿದ್ದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಅದೇ ಮೈಕ್ರೊಫ್ಯಾರಡ್, ಅದೇ ವೋಲ್ಟಿನದನ್ನೇ ಹಾಕಬೇಕು, ದೊಡ್ಡದು ಹಾಕಿದರೆ ವೈಂಡಿಂಗಿಗೆ ಕುತ್ತು. ಮೇನು ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಆರ್‌ಸಿಸಿಬಿ ಬೀಳುತ್ತಿದ್ದರೆ ಅದನ್ನು ತಪ್ಪಿಸಿ ನೇರ ತಂತಿ ಕೊಡುವುದು ಜೀವಕ್ಕೆ ಎರವು. ಕೇಬಲ್ಲಿಗೋ ವೈಂಡಿಂಗಿಗೋ ನೀರು ಹೊಕ್ಕಿದೆ ಎಂದು ಅದು ಹೇಳುತ್ತಿದೆ.

ಪಂಪು ಸಿಕ್ಕಿಹಾಕಿಕೊಂಡಿತೆಂದು ಬಾವಿಗೆ ಇಳಿಯಬೇಕಾಗಿ ಬಂದರೆ ಮೊದಲು ಮೇನು ತೆಗೆದು ಫ್ಯೂಜು ಕೈಯಲ್ಲಿ ಹಿಡಿದುಕೊಳ್ಳಿ. ಬಳಕೆ ಇಲ್ಲದೆ ಬಿದ್ದ ಬಾವಿಯ ತಳದಲ್ಲಿ ಉಸಿರಿಗೆ ಬೇಕಾದ ಗಾಳಿ ಇರದೆ ಹೋಗಬಹುದು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ದೀಪ ಆರಿದರೆ ಇಳಿಯಲೇಬಾರದು. ಆರದಿದ್ದರೂ ವಿಷಗಾಳಿ ಇಲ್ಲವೆಂದು ಅರ್ಥವಲ್ಲ, ಉರಿಯುವ ಗಾಳಿ ಇದ್ದರೆ ದೀಪವೇ ಅಪಾಯ. ಬ್ಲೋವರಿನಿಂದ ಹೊಸ ಗಾಳಿ ತಳಕ್ಕೆ ತಳ್ಳಿ, ಸೊಂಟಕ್ಕೂ ಭುಜಕ್ಕೂ ಹಗ್ಗ ಬಿಗಿದು, ಮೇಲೆ ಎಳೆಯಲು ಇಬ್ಬರು ನಿಂತ ಮೇಲೆಯೇ ಒಬ್ಬರು ಇಳಿಯಬೇಕು. ಡೀಸೆಲ್ ಇಂಜಿನ್ನನ್ನು ಬಾವಿಯೊಳಗೆ ಇಟ್ಟು ಓಡಿಸುವುದು ಎಂದಿಗೂ ಕೂಡದು. ಕೆಳಗೆ ಒಬ್ಬರು ಕುಸಿದರೆ ಹಗ್ಗವಿಲ್ಲದೆ ಇನ್ನೊಬ್ಬರು ಧುಮುಕಬಾರದು. ಇಂಥ ಸಾವುಗಳಲ್ಲಿ ಎರಡನೆಯವರು, ಮೂರನೆಯವರು ಹೋಗುವುದು ಹೀಗೆಯೇ.

ಕೈಕಾಲು, ಹಗ್ಗ, ಪೈಪು ಮುಟ್ಟಿದ ನೀರಿಗೆ ಬ್ಲೀಚಿಂಗ್ ಪೌಡರ್ ಬೇಕು: ಸಾವಿರ ಲೀಟರಿಗೆ 2.5 ಗ್ರಾಂ. ಅದೇ 22ರ ಸೂತ್ರ ಇಲ್ಲಿಯೂ ಬರುತ್ತದೆ. 6 ಅಡಿಯ ಬಾವಿಯಲ್ಲಿ 15 ಅಡಿ ನೀರಿದ್ದರೆ ಸುಮಾರು 12,000 ಲೀಟರ್, 30 ಗ್ರಾಂ ಪೌಡರ್. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿದು, ಕಲಕಿ, ಒಂದು ಗಂಟೆ ಬಿಡಿ. ಫ್ಲೋರೈಡಿಗೆ ಇದು ಮದ್ದಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇರುವುದರಿಂದ ಹೊಸ ಮೋಟಾರಿನ ನೀರನ್ನು ಒಂದು ಲೀಟರ್ ಹಿಡಿದು ಪರೀಕ್ಷೆಗೆ ಕೊಡಿ. ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದ ಕಡೆ 1.5ರ ತನಕ. ಅದನ್ನು ಮೀರಿದರೆ ಕಾಯಿಸಿ ಕುಡಿದು ಫಲವಿಲ್ಲ. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಆ ಬಾವಿಯ ನೀರು ಸ್ನಾನಕ್ಕೆ, ಪಾತ್ರೆಗೆ, ಗಿಡಕ್ಕೆ ಇರಲಿ. ಅಡುಗೆಮನೆಗೆ ಬೇರೆ ನೀರಿನ ಬೇರೆಯದೇ ನಲ್ಲಿ ಎಳೆಸಿ.